ಎಂಟನೆಯವರ ಟೀ ಟೈಮು

ಸರಟೋಗಾದ ಗುಡ್ಡದ ಮೇಲಿನ ಆ ಮನೆಯಲ್ಲಿ ನನಗೆ ಕುರ್ಚಿ ಕೊಟ್ಟದ್ದು ಊಟದ ಮೇಜಿನ ತುದಿಯಲ್ಲಿ, ಅಡುಗೆಮನೆಯ ಬಾಗಿಲಿಗೆ ಬೆನ್ನಾಗುವಂತೆ. ಒಳಗಿನಿಂದ ಯಾರಾದರೂ ತಟ್ಟೆ ತಂದಾಗಲೆಲ್ಲ ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳಬೇಕಿತ್ತು. ಮೇಜಿನ ಸುತ್ತ ಎಂಟು ಜನ ಗಂಡಸರು. ಎಲ್ಲರೂ ಬಹಳ ಹಿಂದೆ ಈ ದೇಶಕ್ಕೆ ಬಂದು ನೆಲೆಸಿದ, ಅರವತ್ತು ದಾಟಿದ ಕನ್ನಡಿಗರು, ಡಾಕ್ಟರುಗಳು ಇಲ್ಲವೇ ಎಂಜಿನಿಯರುಗಳು. ಎಷ್ಟೋ ವರ್ಷಗಳಿಂದ ಪ್ರತಿ ಶನಿವಾರ ಒಟ್ಟಿಗೆ ಗಾಲ್ಫ್ ಆಡುವವರು. ಅವರಿಗೆ ಈ ಸಲ ಇಟಲಿಯಲ್ಲಿ ಒಂದು ವಾರ ಆಡಿ ಬರಬೇಕಿತ್ತು. ಅದನ್ನು ಏರ್ಪಾಡು ಮಾಡುವುದು ನನ್ನ ಕೆಲಸ. ನಾನು ಬೆರ್ರಿಯೆಸಾದಲ್ಲಿ, ಉಗುರಿಗೆ ಬಣ್ಣ ಹಚ್ಚುವ ಒಂದು ನೇಲ್ ಸಲೂನಿನ ಪಕ್ಕದ ಒಂಟಿ ಕೋಣೆಯಲ್ಲಿ, ಟ್ರಾವೆಲ್ ಆಫೀಸು ನಡೆಸುತ್ತೇನೆ.

ಮನೆಯ ಯಜಮಾನರು ನಿವೃತ್ತ ಹೃದಯತಜ್ಞರು, ಮೈಸೂರಿನವರು. ಇವರನ್ನು ಡಾಕ್ಟರು ಎಂದೇ ಕರೆಯುತ್ತೇನೆ. ನನಗೂ ಐವತ್ತು ದಾಟಿದೆ. ಆದರೂ ಅವರು ಮೊದಲ ದಿನದಿಂದಲೇ ನನ್ನನ್ನು 'ನೀನು' ಎಂದು ಕರೆದರು. ಪ್ರೀತಿಯಿಂದ ಹಾಗೆ ಕರೆಯುವ ಹಿರಿಯರಿದ್ದಾರೆ. ಇದು ಆ ಜಾತಿಯದಲ್ಲ.

"ಟಸ್ಕನಿ ಬೇಡಮ್ಮಾ. ಟಸ್ಕನಿಗೆ ನಮ್ಮ ಡ್ರೈಕ್ಲೀನರ್ ಕೂಡ ಹೋಗಿ ಬಂದಿದಾನೆ. ಬೇರೆ ಏನಾದ್ರೂ ತೋರಿಸು" ಎಂದರು.

ನಾನು ಉಂಬ್ರಿಯಾ ತೋರಿಸಿದೆ. ಟಸ್ಕನಿಯ ಪಕ್ಕದ ಪ್ರಾಂತ್ಯ. ಬೆಟ್ಟದ ನೆತ್ತಿಗೊಂದರಂತೆ ಕೋಟೆಗೋಡೆಯ ಹಳೆಯ ಊರುಗಳು, ಇಳಿಜಾರಿನ ತುಂಬ ಆಲಿವ್ ಮರಗಳು, ಒಂದು ದೊಡ್ಡ ಸರೋವರ. ಗಾಲ್ಫ್ ಕೋರ್ಸುಗಳು ಕಡಿಮೆ, ಆದರೆ ಅವುಗಳಲ್ಲೊಂದು ಪಾಳು ಕೋಟೆಯ ಕೆಳಗೇ ಹರಡಿಕೊಂಡಿದೆ. ಅದರ ಚಿತ್ರ ನೋಡಿ ಏಳು ಜನ ತಲೆದೂಗಿದರು.

ಎಂಟನೆಯವರು ತೂಗಲಿಲ್ಲ. ಅವರು ವಾಲ್ನಟ್ ಕ್ರೀಕಿನ ಎಂಜಿನಿಯರು, ಬೆಂಗಳೂರಿನ ಬಸವನಗುಡಿಯವರು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಭಾಗ ದುರ್ಬಲವಾಗಿತ್ತು. ಎಡಗೈ ತೊಡೆಯ ಮೇಲೆ ಬಿದ್ದಿರುತ್ತಿತ್ತು, ಕುರ್ಚಿಗೆ ಒಂದು ಊರುಗೋಲು ಒರಗಿರುತ್ತಿತ್ತು. ನಾಲಿಗೆ ಮಾತ್ರ ಮೊದಲಿನ ಹಾಗೇ ಇತ್ತು ಎಂದು ಆಮೇಲೆ ಅವರ ಹೆಂಡತಿ ನನಗೆ ಹೇಳಿದರು. ನಾನು ಸಿದ್ಧಪಡಿಸಿದ್ದ ವಾರದ ಯೋಜನೆಯನ್ನು ಅವರು ಮೂಗಿನ ತುದಿಗೆ ಹಿಡಿದು ಓದಿದರು.

"ಇದೇನ್ರೀ, ಸ್ಕೂಲ್ ಪಿಕ್ನಿಕ್ಕಾ? ಬಸ್ಸು ಹತ್ತು, ಬಸ್ಸು ಇಳಿ, ಚರ್ಚು ನೋಡು. ನಾವು ಆಡೋಕೆ ಹೋಗ್ತಿರೋದು. ಯಾರು ನಿಮಗೆ ಈ ಕೆಲಸ ಹೇಳಿಕೊಟ್ಟೋರು?"

ಮೇಜಿನ ಸುತ್ತ ನಗು. ಆ ಸಂಜೆ ಮನೆಗೆ ಕಾರು ಓಡಿಸುತ್ತ ನಾನು ಅವರಿಗೆ ಮನಸ್ಸಿನಲ್ಲೇ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಕೆಲಸ ಬಿಡುವ ಹಾಗಿರಲಿಲ್ಲ. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಈ ಡಾಕ್ಟರ ಊಟದ ಮೇಜಿನಿಂದಲೇ ಬಂದವರು. ಅವರು ಒಂದು ಮಾತು ಕೆಟ್ಟದಾಗಿ ಆಡಿದರೆ ನನ್ನ ಫೋನು ಸುಮ್ಮನಾಗುತ್ತದೆ.

ಗಾಲ್ಫ್ ಪ್ರವಾಸ ಮಾಡಿಸುವುದು ಬೇರೆ ಪ್ರವಾಸದ ಹಾಗಲ್ಲ. ಮೊದಲು ಹಿಡಿಯಬೇಕಾದದ್ದು ವಿಮಾನವನ್ನೂ ಅಲ್ಲ, ಹೋಟೆಲನ್ನೂ ಅಲ್ಲ. ಟೀ ಟೈಮನ್ನು. ಇದು ಚಹಾದ ಹೊತ್ತಲ್ಲ. ಒಂದು ತಂಡ ಮೊದಲ ಚೆಂಡು ಹೊಡೆದು ಆಟ ಶುರು ಮಾಡಲು ಕ್ಲಬ್ಬು ಕೊಡುವ ಗಳಿಗೆ. ಒಂದು ತಂಡದಲ್ಲಿ ಹೆಚ್ಚೆಂದರೆ ನಾಲ್ವರು. ಹತ್ತು ನಿಮಿಷದ ನಂತರ ಹಿಂದಿನ ತಂಡ ಹೊರಡುತ್ತದೆ. ಚೆಂಡು ಬೀಳಿಸಬೇಕಾದ ಹದಿನೆಂಟು ಗುಳಿಗಳ ದಾರಿಯಲ್ಲಿ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸಾಗುತ್ತಿರಬೇಕು. ಮುಂದಿನವರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು.

ನಮ್ಮವರು ಎಂಟು ಜನ. ಎಂದರೆ ಒಂದರ ಹಿಂದೊಂದು ಎರಡು ಟೀ ಟೈಮು, ನಾಲ್ಕು ಕೋರ್ಸುಗಳಲ್ಲಿ. ಇಟಲಿಯ ಕ್ಲಬ್ಬುಗಳಲ್ಲಿ ಶನಿವಾರ ಭಾನುವಾರ ಸದಸ್ಯರ ಪಂದ್ಯಗಳು ನಡೆಯುತ್ತವೆ, ಹೊರಗಿನವರಿಗೆ ಜಾಗವಿಲ್ಲ. ಸೋಮವಾರ ಕೆಲವು ಕಡೆ ಬಾಗಿಲೇ ತೆರೆಯುವುದಿಲ್ಲ. ಪ್ರತಿಯೊಬ್ಬರ ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟನ್ನು ಮುಂಚಿತವಾಗಿ ಕಳಿಸಬೇಕು. ಒಂಬತ್ತು ಸೀಟಿನ ವ್ಯಾನಿನಲ್ಲಿ ಎಂಟು ಜನ ಕೂರಬಹುದು, ಎಂಟು ಗಾಲ್ಫ್ ಬ್ಯಾಗುಗಳು ಕೂರುವುದಿಲ್ಲ. ಅವಕ್ಕೆ ಬೇರೆಯೇ ಗಾಡಿ ಬೇಕು. ಹಳೆಯ ಊರುಗಳ ಕೋಟೆಯೊಳಗೆ ಪರವಾನಗಿ ಇಲ್ಲದ ವ್ಯಾನು ಬಿಡುವುದಿಲ್ಲ, ಬಾಗಿಲಲ್ಲೇ ಇಳಿದು ಕಲ್ಲುಹಾಸಿನ ಮೇಲೆ ಸಾಮಾನು ಎಳೆಯಬೇಕು. ಊಟಕ್ಕೆ ಹೋಟೆಲಿನವರು ಎಂಟರ ಮೊದಲು ಒಲೆ ಹಚ್ಚುವುದಿಲ್ಲ, ನಮ್ಮವರಿಗೆ ಆರೂವರೆಗೆ ಊಟ ಬೇಕು. ಐದು ಜನ ಸಸ್ಯಾಹಾರಿಗಳು, ಅಲ್ಲಿನ ರೊಟ್ಟಿಗೆ ಎಷ್ಟೋ ಕಡೆ ಹಂದಿಕೊಬ್ಬು ಹಾಕುತ್ತಾರೆ. ಇದೆಲ್ಲವನ್ನೂ ನಾನು ಬೆಳಗಿನ ಹೊತ್ತು ಕೂತು, ಇಟಲಿಯವರ ಸಂಜೆ ಮುಗಿಯುವುದರೊಳಗೆ, ಫೋನಿನಲ್ಲಿ ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದೆ.

ಎಂಜಿನಿಯರು ಪ್ರತಿ ಹಂತದಲ್ಲೂ ಈಮೇಲು ಕಳಿಸುತ್ತಿದ್ದರು. ಎಂಟು ಜನರಿಗೂ ಪ್ರತಿ ಹಾಕಿ. ವಿಮಾನ ಇಳಿಯುವ ಹೊತ್ತಿಗೂ ವ್ಯಾನು ಬರುವ ಹೊತ್ತಿಗೂ ಹೊಂದಾಣಿಕೆ ಇಲ್ಲ, ಊರಿನ ಹೆಸರಿನ ಕಾಗುಣಿತ ತಪ್ಪು, ಹೀಗೆ. ಅವರು ಹೇಳಿದ್ದು ಬಹುಪಾಲು ಸರಿಯಾಗಿಯೇ ಇರುತ್ತಿತ್ತು, ಅದಕ್ಕೇ ಇನ್ನೂ ಉರಿಯುತ್ತಿತ್ತು. ಒಮ್ಮೆ ಫೋನಿನಲ್ಲಿ ನನ್ನ ಬಾಯಿಂದ ಹುಬ್ಬಳ್ಳಿ ಮಾತು ಜಾರಿದಾಗ, "ಸ್ವಲ್ಪ ಕನ್ನಡದಲ್ಲಿ ಹೇಳ್ರೀ" ಎಂದರು. ನಾನು ಫೋನು ಇಟ್ಟು ನೇಲ್ ಸಲೂನಿನವಳ ಮುಂದೆ ಹೋಗಿ ನಿಂತೆ. ಅವಳಿಗೆ ಕನ್ನಡ ಬರುವುದಿಲ್ಲ. ಆದರೂ ನಾನು ಬೈದದ್ದನ್ನು ಕೇಳಿ ತಲೆಯಾಡಿಸಿದಳು.

ಮೊದಲ ತೊಡಕು ಬಂದದ್ದು ಹೋಟೆಲಿನಲ್ಲಿ. ಡಾಕ್ಟರು ಮೆಚ್ಚಿದ್ದು ಒಂದು ಹಳೆಯ ಸನ್ಯಾಸಿಮಠ, ಈಗ ಹೋಟೆಲು. ಚೆಂದದ ಜಾಗ. ಲಿಫ್ಟ್ ಇಲ್ಲ. ಕೋಣೆಗಳೆಲ್ಲ ಮೇಲೆ, ಮೆಟ್ಟಿಲುಗಳು ಕಲ್ಲಿನವು, ಕಡಿದಾದವು. ಎಂಜಿನಿಯರು ಹತ್ತಲಾರರು ಎಂಬುದು ನನಗೆ ಹೊಳೆದು ಕೆಳಗಿನ ಬಯಲಿನಲ್ಲಿ ಲಿಫ್ಟ್ ಇರುವ ಇನ್ನೊಂದು ಹೋಟೆಲು ಹುಡುಕಿದೆ. ಅವರ ಮೇಲಿನ ಮಮತೆಯಿಂದಲ್ಲ. ಅಲ್ಲಿ ಹೋಗಿ ಅವರು ಮೆಟ್ಟಿಲ ಬುಡದಲ್ಲಿ ನಿಂತು ನನಗೆ ಫೋನು ಮಾಡುವುದನ್ನು ನೆನೆದು.

ಡಾಕ್ಟರಿಗೆ ಫೋನು ಮಾಡಿ ಹೇಳಿದೆ.

"ಒಬ್ಬನಿಗೋಸ್ಕರ ಏಳು ಜನ ಹೋಟೆಲು ಬದಲಾಯಿಸ್ಬೇಕಾ?"

"ಅವರಿಗೆ ಹತ್ತೋಕೆ ಆಗಲ್ವಲ್ಲ ಡಾಕ್ಟ್ರೇ."

"ಅದೇ ನಾನು ಹೇಳ್ತಿರೋದು" ಎಂದು ಫೋನು ಇಟ್ಟರು.

ಅದು ಏನೆಂದು ಮರುದಿನ ತಿಳಿಯಿತು. ಡಾಕ್ಟರು ಬೆಳಿಗ್ಗೆಯೇ ಫೋನು ಮಾಡಿದರು. ದನಿಯಲ್ಲಿ ಬೆಣ್ಣೆ.

"ನೋಡಮ್ಮಾ, ಒಂದು ಸೂಕ್ಷ್ಮ ವಿಚಾರ. ಅವನ ಜೊತೆ ಆಡೋದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ. ಒಂದು ಚೆಂಡು ಹೊಡೆಯೋಕೆ ಅಷ್ಟು ಹೊತ್ತು ತಗೋತಾನೆ. ಇಲ್ಲಿ ಪ್ರತಿ ಶನಿವಾರ ನಮ್ಮ ಹಿಂದಿನೋರು ನಮ್ಮನ್ನ ಬೈತಾರೆ. ಎರಡು ವರ್ಷ ಸಹಿಸಿದೀವಿ. ಇಟಲಿಗೂ ಹೋಗಿ ಅದೇ ಅಂದ್ರೆ ಹೇಗೆ? ಅಲ್ಲಿನ ಕ್ಲಬ್ಬಿನೋರು ಇಂಥವರನ್ನ ಒಪ್ಪಲ್ಲ ಅಂತ ನಿನ್ನ ಕಡೆಯಿಂದ ಒಂದು ಈಮೇಲು ಹಾಕಿಬಿಡು. ಇನ್ಶೂರೆನ್ಸು ಗಿನ್ಶೂರೆನ್ಸು ಅಂತ ಏನೋ ಒಂದು."

"ಯಾವ ಕ್ಲಬ್ಬೂ ಹಾಗೆ ಹೇಳಿಲ್ಲ ಡಾಕ್ಟ್ರೇ."

"ಹೇಳಿಲ್ಲ ಅಂತ ನನಗೂ ಗೊತ್ತು. ನೀನು ಹೇಳು."

"ನೀವೇ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಬಹುದಲ್ಲ. ಮೂವತ್ತು ವರ್ಷದ ಸ್ನೇಹ ಅಂತೀರಿ."

"ಅದಕ್ಕೇ ಹೇಳೋಕಾಗಲ್ಲ. ಅಷ್ಟೂ ಅರ್ಥ ಆಗಲ್ವಾ ನಿನಗೆ?"

ಸಿಟ್ಟು ನೆತ್ತಿಗೇರಿದಾಗ ನನ್ನ ಬೆಂಗಳೂರು ಕನ್ನಡ ಕೈಕೊಡುತ್ತದೆ. "ಇಲ್ರೀ ಸರ, ನಾ ಹಂಗ ಬರಿಯಾಂಗಿಲ್ಲ" ಎಂದೆ.

ಅವರು ನಕ್ಕು, "ಆಯ್ತು ಬಿಡಮ್ಮಾ, ನೋಡೋಣ" ಎಂದರು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಲಿಫ್ಟಿನ ಹೋಟೆಲನ್ನು ಖಾತ್ರಿ ಮಾಡಿದೆ. ಎಂಜಿನಿಯರ ಸರ್ಟಿಫಿಕೇಟನ್ನೂ ಉಳಿದವರದರ ಜೊತೆಗೆ ನಾಲ್ಕು ಕ್ಲಬ್ಬುಗಳಿಗೆ ಕಳಿಸಿದೆ. ಕೋಟೆಯ ಕೆಳಗಿನ ಕ್ಲಬ್ಬಿನಲ್ಲಿ ಅವರಿಗಾಗಿ ಒಂದು ಕಾರ್ಟು, ಎಂದರೆ ಕೋರ್ಸಿನೊಳಗೆ ಓಡಾಡುವ ಪುಟ್ಟ ಗಾಡಿ, ಹಿಡಿದಿಟ್ಟೆ. ಅಲ್ಲಿ ಏರಿಳಿತ ಹೆಚ್ಚು.

ಮುಂದಿನ ವಾರ ಒಂದು ಬೆಳಿಗ್ಗೆ ಆಫೀಸಿನ ಬೀಗ ತೆಗೆಯಲು ಹೋದರೆ ಬಾಗಿಲ ಮುಂದೆ ಎಂಜಿನಿಯರು ನಿಂತಿದ್ದರು. ಸ್ಟ್ರೋಕಿನ ನಂತರ ಅವರು ಕಾರು ಓಡಿಸುವುದಿಲ್ಲ. ವಾಲ್ನಟ್ ಕ್ರೀಕಿನಿಂದ ಓಕ್‌ಲ್ಯಾಂಡಿಗೆ ಒಂದು ಟ್ರೈನು, ಅಲ್ಲಿ ಬದಲಿಸಿ ಬೆರ್ರಿಯೆಸಾಕ್ಕೆ ಇನ್ನೊಂದು, ಸ್ಟೇಷನ್ನಿನಿಂದ ಊರುಗೋಲು ಊರುತ್ತ ನಡಿಗೆ. ಅಂಗಿಯ ಕಾಲರು ಬೆವರಿನಿಂದ ಒದ್ದೆಯಾಗಿತ್ತು.

"ನಾನು ಅಂಗವಿಕಲ ಅಂತ ಇಟಲಿಗೆ ಬರೆದು ತಿಳಿಸಿದ್ದು ನೀವೇನಾ?" ಎಂದರು. ನಮಸ್ಕಾರವಿಲ್ಲ, ಏನಿಲ್ಲ.

ನನಗೆ ಅರ್ಥವಾಗಲಿಲ್ಲ. ಅವರು ಫೋನು ತೆಗೆದು ಮುಖಕ್ಕೆ ಹಿಡಿದರು. ಡಾಕ್ಟರು ಹಿಂದಿನ ರಾತ್ರಿ ಕಳಿಸಿದ್ದ ಮೆಸೇಜು. ಟ್ರಾವೆಲ್ ಏಜೆಂಟು ತಿಳಿಸಿದ್ದಾಳೆ, ದೇಹಬಲ ಇಲ್ಲದವರನ್ನು ಇಟಲಿಯ ಕ್ಲಬ್ಬಿನ ಇನ್ಶೂರೆನ್ಸು ಒಪ್ಪುವುದಿಲ್ಲವಂತೆ, ನಮಗೆಲ್ಲ ತುಂಬಾ ಬೇಜಾರಾಗಿದೆ, ನೀನಿಲ್ಲದೆ ಹೋಗಲು ಮನಸ್ಸಿಲ್ಲ, ಆದರೆ ಬುಕಿಂಗು ಆಗಿಬಿಟ್ಟಿದೆ ಎಂದು ಇಂಗ್ಲಿಷಿನಲ್ಲಿತ್ತು.

"ಒಳಗೆ ಬನ್ನಿ" ಎಂದೆ.

"ಒಳಗೆ ಯಾಕೆ? ಇಲ್ಲೇ ಹೇಳಿ. ನಾನು ನಿಮ್ಮ ಕಾಗುಣಿತ ತಿದ್ದಿದೆ ಅಂತ ಈ ರೀತಿ ಸೇಡು ತೀರಿಸ್ಕೊಂಡ್ರಾ? ಎಂಥಾ ಹೆಂಗಸ್ರೀ ನೀವು!"

ನೇಲ್ ಸಲೂನಿನಿಂದ ಇಬ್ಬರು ಇಣುಕಿದರು. ನನಗೆ ಈ ಗೆಳೆಯರಿಬ್ಬರ ಮೇಲೂ ಸಿಟ್ಟು. ಸುಳ್ಳು ಹೇಳಿ ನನ್ನ ಹೆಸರು ಅಂಟಿಸಿದ ಡಾಕ್ಟರ ಮೇಲೆ, ಅದನ್ನು ಒಂದು ಗಳಿಗೆಯೂ ಅನುಮಾನಿಸದೆ ನಂಬಿ ನನ್ನ ಬಾಗಿಲಿಗೆ ಬಂದು ಕೂಗಾಡುತ್ತಿದ್ದ ಇವರ ಮೇಲೆ. ಇವರನ್ನು ಹಾಗೆಯೇ ವಾಪಸ್ಸು ಕಳಿಸಿಬಿಡಬಹುದಿತ್ತು. "ಕ್ಲಬ್ಬಿನ ನಿಯಮ ಸರ್, ನಾನೇನು ಮಾಡಲಿ" ಎಂದು ಒಂದೇ ಮಾತು. ಡಾಕ್ಟರು ಕೈಬಿಡುತ್ತಿರಲಿಲ್ಲ, ನನ್ನ ಆಫೀಸು ನಡೆಯುತ್ತಿತ್ತು, ಇವರ ಕಾಟವೂ ತಪ್ಪುತ್ತಿತ್ತು. ಅದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು.

ಬೀಗ ತೆಗೆದೆ. ಕುರ್ಚಿ ಎಳೆದು ಕೊಟ್ಟೆ. ಕೋಟೆಯ ಕೆಳಗಿನ ಕ್ಲಬ್ಬಿಗೆ ಫೋನು ಹಚ್ಚಿ, ಮಾತು ಇಬ್ಬರಿಗೂ ಕೇಳುವಂತೆ ಸ್ಪೀಕರು ಹಾಕಿದೆ. ಅಲ್ಲಿನ ಕಾರ್ಯದರ್ಶಿ ಹೆಂಗಸಿನ ದನಿ ನನಗೆ ಅಷ್ಟು ದಿನಗಳಲ್ಲಿ ಪರಿಚಯವಾಗಿತ್ತು. ಜೊತೆಗೆ ಒಬ್ಬರು ಕೂತಿದ್ದಾರೆ ಎಂದು ತಿಳಿಸಿ, ಸ್ಟ್ರೋಕ್ ಆದವರು, ಒಂದು ಕೈಯಲ್ಲಿ ಆಡುವವರು ನಿಮ್ಮಲ್ಲಿ ಆಡಲು ಏನಾದರೂ ಅಡ್ಡಿಯಿದೆಯೇ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಮತ್ತೊಮ್ಮೆ ಕೇಳಿದೆ.

"ಅವರ ಸರ್ಟಿಫಿಕೇಟು ನನ್ನ ಹತ್ತಿರ ಇದೆಯಲ್ಲ. ಕಾರ್ಟು ಕೂಡ ಬರೆದಿಟ್ಟಿದ್ದೇನೆ" ಎಂದಳು ತನ್ನ ಎಳೆದೆಳೆದು ಆಡುವ ಇಂಗ್ಲಿಷಿನಲ್ಲಿ. "ನಮ್ಮ ಸದಸ್ಯರಲ್ಲಿ ಒಬ್ಬರು ಕುಳಿತೇ ಆಡುತ್ತಾರೆ. ಅಡ್ಡಿ ಇದೆ ಎಂದು ಯಾರು ಹೇಳಿದರು?"

ಧನ್ಯವಾದ ಹೇಳಿ ಇಟ್ಟೆ. ಎಂಜಿನಿಯರು ನನ್ನನ್ನು ನೋಡಲಿಲ್ಲ. ಗೋಡೆಯ ಮೇಲಿದ್ದ ಉಂಬ್ರಿಯಾದ ನಕಾಶೆ ನೋಡುತ್ತ ಕೂತರು. ಕೂಗಾಡುತ್ತಿದ್ದಾಗಲೇ ವಾಸಿ ಎನ್ನಿಸುವಷ್ಟು ಹೊತ್ತು.

"ಫೋನ್ ಮಾಡಿ ಅವನಿಗೆ" ಎಂದರು ಕೊನೆಗೆ. "ಸ್ಪೀಕರ್ ಹಾಕಿ. ನಾನು ಇಲ್ಲಿದೀನಿ ಅಂತ ಹೇಳಬೇಡಿ."

"ಕದ್ದು ಕೇಳಿಸೋ ಕೆಲಸ ನಾನು ಮಾಡಲ್ಲ. ಹೇಳಿಯೇ ಮಾಡ್ತೀನಿ."

ಡಾಕ್ಟರು ಎತ್ತಿದ ಕೂಡಲೇ ಹೇಳಿದೆ. "ಡಾಕ್ಟ್ರೇ, ನಿಮ್ಮ ಫ್ರೆಂಡು ನನ್ನೆದುರು ಕೂತಿದ್ದಾರೆ. ಸ್ಪೀಕರಿನಲ್ಲಿದ್ದೀರಿ. ನನ್ನ ಹೆಸರಿನಲ್ಲಿ ನೀವು ಕಳಿಸಿದ ಮೆಸೇಜು ತೋರಿಸಿದರು. ಈಗ ತಾನೇ ಕ್ಲಬ್ಬಿಗೆ ಕೇಳಿದ್ವಿ. ಅಂಥ ನಿಯಮ ಇಲ್ಲ."

ಅತ್ತ ಕಡೆ ಒಂದು ಬಾಗಿಲು ಮುಚ್ಚಿದ ಸದ್ದು.

"ಅವಳನ್ನ ಯಾಕೋ ಹೋಗಿ ಕೇಳಿದೆ?" ಎಂದರು ಡಾಕ್ಟರು, ನನ್ನನ್ನು ಬಿಟ್ಟು.

"ನಿನ್ನನ್ನ ಕೇಳಿದ್ರೆ ನಿಜ ಹೇಳ್ತಿದ್ಯೇನೋ?"

"ನಿಜ ಬೇಕಾ? ತಗೋ. ನೀನು ಒಂದು ಚೆಂಡು ಹೊಡೆಯೋದ್ರೊಳಗೆ ನಮಗೆ ಆಟಾನೇ ಮರೆತುಹೋಗುತ್ತೆ. ನಿನ್ನ ಹಿಂದೆ ನಿಂತು ನಿಂತು ನಾವು ಏಳು ಜನಾನೂ ಸಾಕಾಗಿದೀವಿ ಕಣೋ. ಎರಡು ವರ್ಷ ಯಾರೂ ಬಾಯಿ ಬಿಡಲಿಲ್ಲ."

"ಬಿಡಬೇಕಿತ್ತು."

"ಬಿಟ್ಟಿದ್ರೆ? ಸರಿ ಅಂತಿದ್ಯಾ ನೀನು? ನಿನ್ನ ಬಾಯಿ ನನಗೆ ಗೊತ್ತಿಲ್ವಾ? ಮನೆ ಮುಂದೆ ಬಂದು ಕೂಗಾಡ್ತಿದ್ದೆ. ಹೆಂಗಸರ ಮುಂದೆಲ್ಲ ಹರಾಜು ಹಾಕ್ತಿದ್ದೆ."

"ಹಾಕ್ತಿದ್ದೆ" ಎಂದರು ಎಂಜಿನಿಯರು. "ಆಮೇಲೆ ಮನೆಗೆ ಹೋಗಿ ಯೋಚನೆ ಮಾಡ್ತಿದ್ದೆ. ಅಷ್ಟೂ ಕೊಡಲಿಲ್ಲ ನೀನು ನನಗೆ."

ಡಾಕ್ಟರ ದನಿ ನನ್ನ ಕಡೆ ತಿರುಗಿತು. "ನೀನು ಕೇಳಿಸ್ಕೋ. ಬುಕಿಂಗೆಲ್ಲ ನನ್ನ ಹೆಸರಲ್ಲಿದೆ. ಇನ್ನು ನಿನ್ನ ಅಗತ್ಯ ಇಲ್ಲ." ಫೋನು ಕಟ್ಟಾಯಿತು.

ಅಷ್ಟೂ ವಾರಗಳ ಕೆಲಸ ಒಂದೇ ಮಾತಿನಲ್ಲಿ ಹೋಯಿತು. ಎಂಜಿನಿಯರು ಕ್ಷಮೆ ಕೇಳುತ್ತಾರೆಂದು ನಾನು ಕಾದೆ. ಅವರು ಊರುಗೋಲನ್ನು ಎಳೆದುಕೊಂಡು, "ನನಗೂ ನನ್ನ ಹೆಂಡತಿಗೂ ಬುಕ್ ಮಾಡಿ. ಅದೇ ವಾರ, ಅದೇ ಕೋರ್ಸು. ಕೋಟೆ ಕೋರ್ಸಿನಲ್ಲಿ ನನ್ನ ಟೀ ಟೈಮು ಅವರಿಗಿಂತ ಹತ್ತು ನಿಮಿಷ ಮುಂಚೆ ಇರಬೇಕು" ಎಂದರು.

ಏನು ಕೇಳುತ್ತಿದ್ದಾರೆಂದು ನನಗೆ ತಕ್ಷಣ ಗೊತ್ತಾಯಿತು. ಅವರು ಮುಂದೆ ಆಮೆಯ ಹಾಗೆ ಸಾಗುತ್ತಾರೆ, ಏಳು ಜನ ಹದಿನೆಂಟು ಗುಳಿಗಳ ಉದ್ದಕ್ಕೂ ಹಿಂದೆ ನಿಂತು ಒಣಗುತ್ತಾರೆ. ಹೇಳಬಾರದು, ಆದರೆ ಆ ಚಿತ್ರ ನನಗೆ ಬಹಳ ಹಿಡಿಸಿತು.

"ಆಗಲ್ಲ" ಎಂದೆ.

"ಯಾಕೆ? ಅವರ ಟೈಮು ನನಗೂ ಗೊತ್ತಿದೆ, ನೀವೇ ಎಂಟು ಜನಕ್ಕೂ ಕಳಿಸಿದ್ದು. ನೀವು ಮಾಡದಿದ್ರೆ ನಾನೇ ಫೋನ್ ಮಾಡ್ತೀನಿ."

"ಮಾಡ್ಕೊಳ್ಳಿ. ನಿಮ್ಮ ಜಗಳಕ್ಕೆ ಅವರ ಹಿಂದೆ ಆಡೋ ಬೇರೆಯವರ ದಿನ ಯಾಕೆ ಹಾಳಾಗ್ಬೇಕು? ಇಡೀ ಕೋರ್ಸು ನಿಲ್ಲುತ್ತೆ. ಆ ಕ್ಲಬ್ಬಿನೋರು ಇನ್ನು ನನ್ನ ಕಡೆಯವರು ಅಂದ್ರೆ ಬಾಗಿಲು ಹಾಕ್ತಾರೆ."

ಅವರು ಎದ್ದು ಹೊರಟರು. ಮನೆಗೆ ಕಾರಿನಲ್ಲಿ ಬಿಡುತ್ತೇನೆ ಎಂದೆ. "ನಿಮ್ಮ ಕನಿಕರ ಬೇಡ" ಎಂದರು. ಸ್ಟೇಷನ್ನಿನ ಕಡೆ ಅವರು ನಡೆಯುವುದನ್ನು ಕಿಟಕಿಯಿಂದ ನೋಡಿದೆ. ರಸ್ತೆ ದಾಟುವಾಗ ಸಿಗ್ನಲ್ಲು ಬದಲಾಗಿ ಒಂದು ಕಾರಿನವನು ಹಾರ್ನು ಹೊಡೆದ. ಅವರು ನಿಂತು, ಊರುಗೋಲೆತ್ತಿ ಅವನಿಗೆ ಏನೋ ಹೇಳಿ, ಮತ್ತೆ ನಡೆದರು.

ಅದೇ ಮಧ್ಯಾಹ್ನ ಗುಂಪಿನ ಇನ್ನೊಬ್ಬರ ಫೋನು. ವಿಜಯಪುರ ಕಡೆಯ ಅರಿವಳಿಕೆ ತಜ್ಞರು, ಆ ಎಂಟು ಜನರಲ್ಲಿ ನನ್ನ ಜೊತೆ ಮರ್ಯಾದೆಯಿಂದ ಮಾತಾಡಿದ ಒಬ್ಬರೇ.

"ಅಕ್ಕಾರ, ನೀವು ಸುಮ್ಮನಿರಬೇಕಿತ್ರೀ. ನಮಗೆಲ್ಲಾರಿಗೂ ಗೊತ್ತಿತ್ತು. ಅವಂಗ ಹೇಳಾಕ ಯಾರಿಗೂ ಬಾಯಿ ಬರಲಿಲ್ಲ, ಏನ್ ಮಾಡೂದು."

"ಬಾಯಿ ಬರಲಿಲ್ಲಂತ ನನ್ನ ಬಾಯಿ ಬಾಡಿಗಿಗೆ ತಗೊಂಡ್ರೇನ್ರೀ ಸರ?"

ಅವರು "ಖರೇ ಅದರಿ" ಎಂದು ಮೆಲ್ಲಗೆ ಹೇಳಿ ಫೋನು ಇಟ್ಟರು. ಇವರನ್ನು ಒಳ್ಳೆಯವರು ಎಂದುಕೊಂಡಿದ್ದೆನಲ್ಲ ಎಂದು ಇನ್ನಷ್ಟು ಉರಿಯಿತು. ಡಾಕ್ಟರು ಸುಳ್ಳು ಹೇಳುವ ಶ್ರಮವನ್ನಾದರೂ ತೆಗೆದುಕೊಂಡಿದ್ದರು.

ಎಲ್ಲರಿಗೂ ಗೊತ್ತಿತ್ತು ಎಂಬ ಆ ಮಾತೇ ನನ್ನ ಮನಸ್ಸು ತಿರುಗಿಸಿತು ಎನ್ನಬೇಕು. ಮರುದಿನ ಕೋಟೆ ಕ್ಲಬ್ಬಿನ ಕಾರ್ಯದರ್ಶಿಗೆ ಮತ್ತೆ ಫೋನು ಮಾಡಿ, ಏಳು ಜನರ ಗುಂಪಿಗಿಂತ ಮುಂಚಿನ ಹೊತ್ತು ಖಾಲಿ ಇದೆಯೇ ಎಂದು ಕೇಳಿದೆ. ಇದೆ ಎಂದಳು. ಆಡುವವರು ತುಂಬಾ ನಿಧಾನ ಎಂದು ಮುಚ್ಚಿಡದೆ ತಿಳಿಸಿದೆ. ಅವಳಿಗೆ ಅದೇನೂ ದೊಡ್ಡದೆನಿಸಲಿಲ್ಲ. ಮುಂದೆ ದಾರಿ ಖಾಲಿಯಾಗಿ ಹಿಂದಿನವರು ಕಾಯುತ್ತಿದ್ದರೆ ನಿಧಾನದವರು ಪಕ್ಕಕ್ಕೆ ನಿಂತು ಅವರನ್ನು ಮುಂದೆ ಬಿಡಬೇಕು, ಎಲ್ಲ ಕಡೆಯ ಪದ್ಧತಿ ಅದೇ, ಅಷ್ಟು ಮಾಡಿದರೆ ಯಾರದೂ ದೂರಿಲ್ಲ ಎಂದಳು.

ಎಂಜಿನಿಯರಿಗೆ ಫೋನು ಮಾಡಿದೆ. "ನೀವು ಕೇಳಿದ ಟೀ ಟೈಮು ಹಿಡಿತೀನಿ. ಆದರೆ ಹಿಂದಿನವರು ಹತ್ತಿರ ಬಂದ ಕೂಡಲೇ ದಾರಿ ಬಿಡಬೇಕು. ಒಪ್ಪಿದ್ರೆ ಮಾತ್ರ. ಮತ್ತೆ ಡಾಕ್ಟ್ರಿಗೆ ನಾನೇ ಮುಂಚಿತವಾಗಿ ತಿಳಿಸ್ತೀನಿ."

"ದಾರಿ ಬಿಟ್ರೆ ಮತ್ತೇನು ಉಳೀತು? ಮುಂದೆ ಹೋಗೋ ಅರ್ಥವೇ ಹೋಯ್ತಲ್ರೀ!"

"ಹಾಗಾದ್ರೆ ಬೇಡ."

ಅವರು ಬೈದರು. ನಾನೂ ಎರಡು ಮಾತು ಜೋರಾಗಿ ಆಡಿದೆ. ಅಷ್ಟರಲ್ಲಿ ಫೋನು ಅವರ ಹೆಂಡತಿಯ ಕೈಗೆ ಹೋಯಿತು. ಆಕೆಯನ್ನು ನಾನು ನೋಡಿರಲಿಲ್ಲ. ತಣ್ಣಗಿನ ದನಿ.

"ಬುಕ್ ಮಾಡಿ. ದಾರಿ ಬಿಡ್ತಾರೆ, ನಾನು ಬಿಡಿಸ್ತೀನಿ. ಕಾರ್ಟು ನಾನು ಓಡಿಸ್ತೀನಿ. ನನಗೆ ಗಾಲ್ಫ್ ಕಂಡ್ರೆ ಆಗಲ್ಲ. ಆದ್ರೆ ಆ ಏಳು ಮುಖ ನಾನೂ ಒಂದು ಸಲ ನೋಡ್ಬೇಕು."

ಡಾಕ್ಟರಿಗೆ ಈಮೇಲು ಬರೆದೆ. ನಿಮ್ಮ ಮುಂಚಿನ ಟೀ ಟೈಮು ಇವರದು, ದಾರಿ ಬಿಡಲು ಒಪ್ಪಿದ್ದಾರೆ, ನಿಮಗೆ ಇಷ್ಟವಿಲ್ಲದಿದ್ದರೆ ಸಮಯ ಬದಲಿಸಿಕೊಳ್ಳಬಹುದು ಎಂದು. ಅವರು ಬದಲಿಸಲು ನೋಡಿದರಂತೆ, ಕಾರ್ಯದರ್ಶಿಯೇ ಆಮೇಲೆ ಹೇಳಿದಳು. ಅದೇ ದಿನದ ಉಳಿದ ಹೊತ್ತುಗಳೆಲ್ಲ ಭರ್ತಿ, ಆಚೆ ದಿನ ಸದಸ್ಯರ ಪಂದ್ಯ, ಈಚೆ ದಿನ ಹುಲ್ಲು ಕತ್ತರಿಸುವ ಕೆಲಸ. ಜಾಗ ಸಿಗಲಿಲ್ಲ. ನನಗೆ ಅವರಿಂದ ಬಂದ ಉತ್ತರ ಒಂದೇ ಸಾಲಿನದು, ನಿನ್ನ ಆಫೀಸಿಗೆ ಇನ್ನು ನಮ್ಮವರು ಯಾರೂ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದು. ಆ ಮಾತನ್ನು ಉಳಿಸಿಕೊಂಡರು. ಆ ಬೇಸಿಗೆಗೆ ಬರಬೇಕಿದ್ದ ಎರಡು ಕುಟುಂಬಗಳು ಅದೇ ತಿಂಗಳು ಬೇರೆ ಕಡೆ ಹೋದವು. ಒಂದು ಮನೆಯವರು ಕಾರಣ ಹೇಳಿದರು, ಇನ್ನೊಂದು ಮನೆಯವರು ಫೋನೇ ಎತ್ತಲಿಲ್ಲ.

ನಾನು ಇಬ್ಬರ ಪ್ರವಾಸವನ್ನು ಎಂಟು ಜನರದ್ದಕ್ಕಿಂತ ಹೆಚ್ಚು ಜಾಗ್ರತೆಯಿಂದ ಕಟ್ಟಿದೆ. ಒಂದೇ ಒಂದು ಕಾಗುಣಿತ ತಪ್ಪಿಲ್ಲದ ಹಾಗೆ. ಹಟದಿಂದ.

ಕೋಟೆ ಕೋರ್ಸಿನ ದಿನ ಬೆಳಿಗ್ಗೆ ಆಫೀಸಿನಲ್ಲಿ ಕೂತಿದ್ದೆ. ಬೇರೆ ಕೆಲಸವೂ ಇರಲಿಲ್ಲ. ಅಲ್ಲಿ ಸಂಜೆಯಾಗುವ ಹೊತ್ತಿಗೆ ಫೋನು ಬಂತು. ಎಂಜಿನಿಯರು ಮೊದಲು ಹೋಟೆಲಿನ ದಿಂಬುಗಳ ಬಗ್ಗೆ ದೂರಿದರು, ಆಮೇಲೆ ಕಾಫಿಯ ಬಗ್ಗೆ. ನಾನು ತಡೆದು, "ಆಟ ಏನಾಯ್ತು?" ಎಂದೆ.

ಮೊದಲ ಮೂರು ಗುಳಿಗಳಲ್ಲಿ ಹಿಂದಿನವರು ದೂರದಲ್ಲೇ ಉಳಿದರಂತೆ, ಬೇಕೆಂದೇ ನಿಧಾನ ಮಾಡುತ್ತಿದ್ದಾರೆ ಎಂದು ಕಾಣುವ ಹಾಗೆ. ನಾಲ್ಕನೆಯದು ಕೋಟೆಯ ಬುಡದಲ್ಲಿರುವ ಚಿಕ್ಕ ದಾರಿಯ ಗುಳಿ. ಅಲ್ಲಿ ಅವರ ಹೆಂಡತಿ ಕಾರ್ಟು ಪಕ್ಕಕ್ಕೆ ನಿಲ್ಲಿಸಿ, ಕೆಳಗಿಳಿದು, ಕೈಬೀಸಿ ಎಲ್ಲರನ್ನೂ ಕರೆದರಂತೆ. ಕರೆದ ಮೇಲೆ ಬಾರದೆ ಇರುವಂತಿಲ್ಲ. ಎರಡೂ ತಂಡದ ಏಳು ಜನರೂ ಬಂದರು. ಎಂಜಿನಿಯರು ಹುಲ್ಲಿನ ಮೇಲೆ ನಿಂತಿದ್ದರು. ಒಬ್ಬೊಬ್ಬರೂ ಅವರ ಮುಂದೆಯೇ ಚೆಂಡು ಹೊಡೆಯಬೇಕು, ಅವರ ಮುಂದೆಯೇ ಹಾದು ಹೋಗಬೇಕು. ದಾರಿ ಬಿಟ್ಟವರಿಗೆ ಥ್ಯಾಂಕ್ಸ್ ಹೇಳುವುದು ಆಟದ ಮರ್ಯಾದೆ.

"ಎಲ್ಲರೂ ಹೇಳಿದ್ರಾ?" ಎಂದು ಕೇಳಿದೆ.

"ಹೇಳ್ದೆ ಏನ್ ಮಾಡ್ತಾರೆ? ಆ ವಿಜಯಪುರದವನು ಹೇಳಿ ಅಲ್ಲೇ ನಿಂತುಬಿಟ್ಟ. ಕಣ್ಣಲ್ಲಿ ನೀರು. ಮುಂದೆ ನಡಿಯೋ, ಆಟ ನಿಲ್ಲುತ್ತೆ ಅಂದೆ."

"ಡಾಕ್ಟರು?"

"ಕೊನೆಗೆ ಬಂದ. ನನ್ನ ಕಡೆ ನೋಡಲಿಲ್ಲ. ನೋಡದೆ ಇರೋಕೆ ಅಷ್ಟು ಕಷ್ಟ ಪಟ್ಟನಲ್ಲ, ಚೆಂಡು ಸೀದಾ ಆಲಿವ್ ಮರದೊಳಗೆ ಹೋಯ್ತು. ಆರು ಜನ ಮುಂದೆ ಹೋಗಿಬಿಟ್ಟಿದ್ರು. ಇವನೊಬ್ಬನೇ ಬಗ್ಗಿ ಬಗ್ಗಿ ಹುಲ್ಲಲ್ಲಿ ಹುಡುಕ್ತಿದ್ದ. ಸೊಂಟ ನೋವು ಅವನಿಗೆ, ನನಗೆ ಗೊತ್ತು. ನಾನು ನಿಂತಿದ್ದೆ."

"ಏನಾದ್ರೂ ಅಂದ್ರಾ ಅವರಿಗೆ?"

"ಅಂದೆ. ನಿಧಾನವಾಗಿ ಹುಡುಕು, ನನಗೇನೂ ಅರ್ಜೆಂಟಿಲ್ಲ ಅಂದೆ."

"ಅದಕ್ಕೇನಂದ್ರು?"

"ಏನೂ ಅನ್ನಲಿಲ್ಲ. ಚೆಂಡು ಸಿಗಲಿಲ್ಲ. ಜೇಬಿಂದ ಇನ್ನೊಂದು ತೆಗೆದ, ಕೈಯಲ್ಲಿ ಹಿಡ್ಕೊಂಡು ನನ್ನ ಮುಂದೆ ಬಂದು ನಿಂತ. ಥ್ಯಾಂಕ್ಸ್ ಅಂದ. ಹೋದ."

ಹಿನ್ನೆಲೆಯಲ್ಲಿ ಹೆಂಡತಿ ಯಾರಿಗೋ ಬಿಸಿನೀರು ಕೇಳುತ್ತಿದ್ದುದು ಕೇಳಿಸಿತು.

"ಮತ್ತೆ ಮಾತುಕತೆ ಶುರುವಾಯ್ತಾ ನಿಮ್ಮದು?" ಎಂದೆ.

"ಇಲ್ಲ. ಯಾಕಾಗ್ಬೇಕು?" ಎಂದರು. "ಇವತ್ತು ನಿಮ್ಮ ವ್ಯಾನಿನವನು ಲೇಟಾಗಿ ಬಂದ. ನಾಳೆ ಸರಿಯಾದ ಹೊತ್ತಿಗೆ ಬರೋಕೆ ಹೇಳಿ. ಕಾಯೋದು ಅಂದ್ರೆ ನನಗಾಗಲ್ಲ."